ಖಾಲಿ ಕುರ್ಚಿಯ ಲೆಕ್ಕ

ಗೆದ್ದ ಪಕ್ಷವನ್ನು ಬಿಟ್ಟು ಹೋಗುವುದು ತಪ್ಪೇ? ಕಾಗವಾಡ ವಿಧಾನಸಭಾ ಕ್ಷೇತ್ರದ ನಮಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. 2018ರಲ್ಲಿ ಕಾಂಗ್ರೆಸ್ಸಿನ ಶ್ರೀಮಂತ ಪಾಟೀಲರು ಬಿಜೆಪಿಯ ರಾಜು ಕಾಗೆಯವರನ್ನು ಸೋಲಿಸಿದರು. 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಈ ಸಲ ಪಾಟೀಲರು ಬಿಜೆಪಿ, ಕಾಗೆಯವರು ಕಾಂಗ್ರೆಸ್. ಪಾಟೀಲರೇ ಗೆದ್ದರು, 2020ರ ಫೆಬ್ರುವರಿಯಲ್ಲಿ ಮಂತ್ರಿಯಾದರು. 2023ರಲ್ಲಿ ಜನ ಕಾಗೆಯವರನ್ನು ಆರಿಸಿದರು. ಮನುಷ್ಯರು ಅವರೇ, ಚಿಹ್ನೆಗಳು ಮಾತ್ರ ಅದಲುಬದಲು.

ಉಗಾರ ಬುದ್ರುಕದಲ್ಲಿ ಕಬ್ಬು ಬೆಳೆಯುವ ನನ್ನ ಕಾಕಾನ ಪ್ರಕಾರ ಇದರಲ್ಲಿ ಕೇಳುವಂಥದ್ದೇನೂ ಇಲ್ಲ. "ಪಕ್ಷ ಏನ್ ನಮ್ಮ ಮನೀಗಿ ಬರತೈತೇನ? ಬರಾಂವ ಮನಷ್ಯಾ." ಇಂಥ ಮಾತನ್ನು ಅಜ್ಞಾನವೆಂದು ಸೆಮಿನಾರುಗಳಲ್ಲಿ ತಳ್ಳಿಹಾಕುವುದನ್ನು ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಪ್ರತಿನಿಧಿಯಾದವನು ಜನರಿಗೆ ದುಡಿಮೆಯ ಜೊತೆಗೆ ತನ್ನ ವಿವೇಕವನ್ನೂ ಕೊಡಬೇಕು ಎಂದು ಎಡ್ಮಂಡ್ ಬರ್ಕ್ 1774ರಲ್ಲಿ ಬ್ರಿಸ್ಟಲಿನ ಮತದಾರರೆದುರು ವಾದಿಸಿದ್ದ. ಮತ ಮನುಷ್ಯನ ವಿವೇಕಕ್ಕೆ ಬಿದ್ದದ್ದಾದರೆ, ಆ ವಿವೇಕ ಅವನನ್ನು ಪಕ್ಷದಿಂದ ಹೊರಗೂ ಕರೆದೊಯ್ಯಬಹುದು.

ಕಾನೂನು ಇದನ್ನು ಒಪ್ಪುವುದಿಲ್ಲ. ಸಂವಿಧಾನಕ್ಕೆ 1985ರಲ್ಲಿ ಸೇರಿದ ಹತ್ತನೇ ಅನುಸೂಚಿಗೆ ಮುಖ್ಯವಾಗಿ ಎರಡು ತಪ್ಪುಗಳು ಕಾಣುತ್ತವೆ: ತಾನಾಗಿ ಪಕ್ಷದ ಸದಸ್ಯತ್ವ ಬಿಡುವುದು, ವಿಪ್ ಮೀರುವುದು. 2019ರ ಜುಲೈಯಲ್ಲಿ ವಿಶ್ವಾಸಮತದ ಹೊತ್ತಿಗೆ ಪಾಟೀಲರು ಸದನದಲ್ಲಿರಲಿಲ್ಲ. ಅನಾರೋಗ್ಯದಿಂದ ಮುಂಬಯಿಯ ಆಸ್ಪತ್ರೆಯಲ್ಲಿದ್ದೆ ಎಂದರು. ಜುಲೈ 28ರಂದು ಸಭಾಧ್ಯಕ್ಷ ರಮೇಶ್ ಕುಮಾರ್ ಅವರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು, ಇಂದಿಗೂ ಪಾಟೀಲರ ಹೆಸರಿನಲ್ಲೇ ಗುರುತಿಸುವ ತೀರ್ಪಿನಲ್ಲಿ, ಅನರ್ಹತೆಯನ್ನು ಎತ್ತಿಹಿಡಿಯಿತು. 2023ರವರೆಗೆ ಸ್ಪರ್ಧಿಸುವಂತಿಲ್ಲ ಎಂಬ ಭಾಗವನ್ನು ತೆಗೆದುಹಾಕಿತು. ಪಕ್ಷದ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು.

ಮತದಾರನ ಲೆಕ್ಕ ಬೇರೆ. ಅನರ್ಹತೆಯಾಗಿ ಕೆಲವೇ ದಿನಗಳಲ್ಲಿ ಕೃಷ್ಣೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದಳು. ನಿಂತ ಕಬ್ಬು ಕೊಳೆಯಿತು, ಮಣ್ಣಿನ ಗೋಡೆಗಳು ಕುಸಿದವು. ಆಗಸ್ಟ್ 20ರವರೆಗೆ ಯಡಿಯೂರಪ್ಪನವರ ಸರ್ಕಾರದಲ್ಲಿ ಅವರೊಬ್ಬರೇ, ಬೇರೆ ಮಂತ್ರಿಗಳಿರಲಿಲ್ಲ. ಅಕ್ಟೋಬರಿನಲ್ಲಿ ವಿಧಾನಸಭೆ ಸೇರಿದಾಗಲೂ ಕಾಗವಾಡದ ಕುರ್ಚಿ ಖಾಲಿ.

ಶಾಸಕ ಸ್ಥಾನವಿಲ್ಲದೆಯೂ ಜನರಿಗೆ ನೆರವಾಗಬಹುದು, ತಹಶೀಲ್ದಾರರು ಇದ್ದೇ ಇರುತ್ತಾರೆ ಎನ್ನಬಹುದು. ನಿಜ. ಆದರೆ ಗಂಜಿ ಕೇಂದ್ರದ ಅನ್ನ ಉಪಕಾರದಂತೆ ಸಿಗುತ್ತದೆ. ಬಿದ್ದ ಮನೆ ಪಟ್ಟಿಯಲ್ಲೇಕಿಲ್ಲ ಎಂದು ಸದನದಲ್ಲಿ ಎದ್ದು ಕೇಳುವುದು ಹಕ್ಕು. ಆ ತಿಂಗಳುಗಳಲ್ಲಿ ನಮ್ಮ ಪರವಾಗಿ ಆ ಹಕ್ಕನ್ನು ಚಲಾಯಿಸಲು ಅಲ್ಲಿ ನಮ್ಮ ಶಾಸಕರಿರಲಿಲ್ಲ.

ಉಪಚುನಾವಣೆಯ ಗೆಲುವಿನಿಂದ ಈ ಸಾಲ ತೀರಿತೇ? ನನ್ನ ಉತ್ತರ, ಇಲ್ಲ. ಮತಪೆಟ್ಟಿಗೆ ಕೇಳುವುದು ನಾಳೆ ಯಾರು ಬೇಕೆಂದು. ನಿನ್ನೆಯದು ಸರಿಯೇ ಎಂದು ಅದು ಕೇಳುವುದಿಲ್ಲ. ಮತ ಕೊಟ್ಟವರು ಕ್ಷಮಿಸಿರಬಹುದು, ಬೇರೆ ದಾರಿ ಕಾಣದೆಯೂ ಕೊಟ್ಟಿರಬಹುದು.

ಹಾಗಾಗಿ ಪಕ್ಷಾಂತರವನ್ನು ನಾನು ಅಳೆಯುವುದು ಬಿಟ್ಟ ಪಕ್ಷದಿಂದಲ್ಲ, ಖಾಲಿ ಬಿಟ್ಟ ದಿನಗಳಿಂದ. ನಮ್ಮ ಕಡೆ ಪಕ್ಕದ ಮನೆಯಿಂದ ಎದ್ದು ಹೊರಡುವಾಗಲೂ "ಹೋಗಿ ಬರತೇನಿ" ಅನ್ನುತ್ತೇವೆ. ಕುರ್ಚಿ ಬಿಡುವವನು ಯಾವ ಪಕ್ಷದವನೇ ಆಗಲಿ, ಯಾಕೆ ಹೊರಟೆ, ತಾನಿಲ್ಲದಾಗ ನಿಮ್ಮ ಮಾತು ಆಡುವವರು ಯಾರು ಎಂದು ಮೊದಲು ಊರಿಗೆ ಬಂದು ಹೇಳಲಿ. ಯಾವ ಅನುಸೂಚಿಯೂ ಇದನ್ನು ಕೇಳುವುದಿಲ್ಲ. ನಾವು ಕೇಳಬೇಕು.