ಮೆಲ್ಲಗೆ ನುಡಿದ ಸತ್ಯ

ಬೆಲೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು, ಅದರ ಕರಾರನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದರೆ ಅದು ಸುಳ್ಳಾಗುವುದೇ? ಅಚ್ಚಾದ ಮಾತೆಲ್ಲ ನಿಜವೇ. ಆದರೂ ಹಣ ತೆತ್ತವನಿಗೆ ಮೋಸಹೋದೆನೆಂಬ ಭಾವ ಬರುತ್ತದೆ. ಆ ಭಾವಕ್ಕೆ ನ್ಯಾಯದ ಆಧಾರವುಂಟೋ ಇಲ್ಲವೋ ಎಂಬುದು ನನ್ನ ಪ್ರಶ್ನೆ.

ನಮ್ಮ ಜಯಸಿಂಗಪುರ ಶಿರೋಳ ತಾಲೂಕಿನ ವ್ಯಾಪಾರದ ಊರು. ಕೊಲ್ಲಾಪುರದ ಶಾಹೂ ಮಹಾರಾಜರು ತಂದೆ ಜಯಸಿಂಗರಾವ್ ಘಾಟಗೆಯವರ ಹೆಸರಿನಲ್ಲಿ ಕಟ್ಟಿಸಿದ್ದು. ಇಲ್ಲಿನ ಕನ್ನಡ ಮನೆಗಳ ಮಕ್ಕಳು ಪುಣೆ, ಬೆಂಗಳೂರು ದಾಟಿ ಪರದೇಶ ಸೇರಿದ್ದಾರೆ. ನನ್ನ ತಂಗಿಯ ಮಗ ಯುರೋಪಿನ ಒಂದು ವಿಮಾನ ನಿಲ್ದಾಣದಲ್ಲಿ ಬಾಡಿಗೆಗೆ ಕಾರು ಹಿಡಿದಾಗ, ಮನೆಯಲ್ಲಿ ಕುಳಿತು ಗೊತ್ತುಮಾಡಿದ ಬಾಡಿಗೆಗಿಂತ ವಿಮೆಯ ಬಾಬತ್ತೇ ಹೆಚ್ಚಾಯಿತು. ಬಾಡಿಗೆಯೊಳಗೆ ವಿಮೆ ಇತ್ತು, ನಿಜ. ಆದರೆ ಕಾರಿಗೆ ಪೆಟ್ಟಾದರೆ ಮೊದಲ ದೊಡ್ಡ ಮೊತ್ತ ಬಾಡಿಗೆದಾರನದೇ. ಆ ಮೊತ್ತವನ್ನು ಅವನ ಕ್ರೆಡಿಟ್ ಕಾರ್ಡಿನಲ್ಲಿ ಮೊದಲೇ ತಡೆಹಿಡಿಯುತ್ತಾರೆ. ಗಾಜು, ಟಯರು, ಕಾರಿನ ತಳಭಾಗ ಬಹಳ ಸಲ ವಿಮೆಯ ಹೊರಗೇ ಉಳಿಯುತ್ತವೆ. ಈ ಭಾರ ಇಳಿಯಬೇಕಾದರೆ ದಿನಕ್ಕಿಷ್ಟೆಂದು ಬೇರೆ ಹಣ. ಅಮೆರಿಕದಲ್ಲಂತೂ ಕಾರಿನ ಹಾನಿಯ ಹೊಣೆ ಸಾಮಾನ್ಯವಾಗಿ ಮೂಲ ದರದಲ್ಲಿ ಸೇರಿರುವುದೇ ಇಲ್ಲ. ವಿಮೆಯೆಂದು ಜನ ಕೊಳ್ಳುವುದು ಎಷ್ಟೋ ಸಲ ವಿಮೆಯೂ ಅಲ್ಲ; ‘ನಿನ್ನಿಂದ ವಸೂಲು ಮಾಡುವುದಿಲ್ಲ’ ಎಂದು ಕಂಪನಿ ಕೊಡುವ ಮಾತು.

ಕಂಪನಿಯ ಪರವಾಗಿ ಎರಡು ಮಾತು ಹೇಳಬಹುದು. ಕರಾರು ಓದುವ ಹೊಣೆ ಸಹಿ ಹಾಕುವವನದು. ಎಲ್ಲವನ್ನೂ ಬಾಡಿಗೆಗೆ ಸೇರಿಸಿದರೆ ಬೇಡದವನೂ ತೆರಬೇಕಾದೀತು. ಎರಡೂ ತಳ್ಳಿಹಾಕುವ ಮಾತಲ್ಲ. ಆದರೆ ಆಯ್ಕೆಗೆ ಒಂದು ಹೊತ್ತುಂಟು. ನಾಲ್ಕು ಕಡೆಯ ದರ ತೂಗಿ ನೋಡುವಾಗ ಹೇಳದೆ, ಹತ್ತು ತಾಸು ವಿಮಾನದಲ್ಲಿ ಬಂದವನು ಮಕ್ಕಳು, ಗಂಟುಮೂಟೆ ಸಮೇತ ಕೌಂಟರಿನ ಮುಂದೆ ನಿಂತಾಗ ಹೇಳಿದರೆ ಅದು ಅನಿವಾರ್ಯವಾಗುತ್ತದೆ. ಕಬ್ಬಿನ ದರದಲ್ಲಿ ಕಟಾವು, ಸಾಗಣೆಯ ಖರ್ಚು ಕಳೆಯುತ್ತಾರೆಂದು ನಮ್ಮ ರೈತನಿಗೆ ಮೊದಲೇ ಗೊತ್ತು. ಮೊತ್ತಕ್ಕಾಗಿ ಜಗಳವಾಡಿಯಾನು, ಮುಚ್ಚಿಟ್ಟರೆನ್ನಲಾರ. ಇನ್ನೂ ದೊಡ್ಡ ಕೇಡೆಂದರೆ, ಪೂರ್ತಿ ಬೆಲೆಯನ್ನು ಮೊದಲೇ ಹೇಳುವ ವ್ಯಾಪಾರಿ ದುಬಾರಿಯವನಂತೆ ಕಂಡು ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ. ಹೀಗೆ ಸತ್ಯಕ್ಕೇ ದಂಡ ಬೀಳುತ್ತದೆ.

ಧರ್ಮರಾಯನ ಕಥೆಯನ್ನು ನೆನೆಯೋಣ. ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ನುಡಿದು, ಸತ್ತದ್ದು ಆನೆಯೆಂಬುದನ್ನು ದ್ರೋಣನಿಗೆ ಕೇಳದಂತೆ ಮೆಲ್ಲಗೆ ನುಡಿದ. ಅಕ್ಷರದಲ್ಲಿ ಸುಳ್ಳಿರಲಿಲ್ಲ. ಆದರೂ ನೆಲದಿಂದ ನಾಲ್ಕು ಬೆರಳು ಮೇಲಿದ್ದ ಅವನ ರಥ ಅಂದು ನೆಲ ಮುಟ್ಟಿತು. ಈ ಭಾಗದ ಜೈನ ಮನೆಗಳಿಗೆ ಪರಿಚಿತವಾದ ತತ್ತ್ವಾರ್ಥಸೂತ್ರವು ಅಳತೆ-ತೂಕದಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ಅಚೌರ್ಯವ್ರತದ ದೋಷಗಳಲ್ಲಿ ಎಣಿಸಿದೆ. ಎಂದರೆ ಅದು ಬರಿಯ ಸುಳ್ಳಲ್ಲ, ಕಳವಿಗೆ ಹತ್ತಿರದ್ದು.

ಕಾನೂನು ತಡವಾಗಿ ಇತ್ತ ಬರುತ್ತಿದೆ. 2017ರಲ್ಲಿ ಐದು ದೊಡ್ಡ ಬಾಡಿಗೆ ಕಾರು ಕಂಪನಿಗಳು, ತಪ್ಪಿಸಲಾಗದ ವೆಚ್ಚಗಳನ್ನೆಲ್ಲ ಸೇರಿಸಿಯೇ ದರ ತೋರಿಸುವುದಾಗಿ ಯುರೋಪಿಯನ್ ಕಮಿಷನ್ನಿಗೆ ಒಪ್ಪಿಕೊಂಡವು. ನಮ್ಮಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ, ಗಿರಾಕಿಯನ್ನು ದಾರಿತಪ್ಪಿಸುವ 13 ತಂತ್ರಗಳನ್ನು ಹೆಸರಿಸಿದೆ. ಬೆಲೆಯನ್ನು ಹಂತಹಂತವಾಗಿ ಬಯಲುಮಾಡುವುದು, ಕೇಳದೆಯೇ ಪ್ರವಾಸ ವಿಮೆ ಸೇರಿಸುವುದು ಅವುಗಳಲ್ಲಿವೆ.

ಪರದೇಶದತ್ತ ಮಾತ್ರ ಬೆರಳು ತೋರಿಸಿದರೆ ಸಾಲದು. ತಿರುಪತಿಗೋ ಶ್ರವಣಬೆಳಗೊಳಕ್ಕೋ ಹೊರಟವರು, ಹಳದಿ ಬೋರ್ಡಿನ ಗಾಡಿಗಿಂತ ಅಗ್ಗವೆಂದು ಬಿಳಿ ಬೋರ್ಡಿನ ಖಾಸಗಿ ಕಾರನ್ನು ಬಾಡಿಗೆಗೆ ಹಿಡಿಯುವುದುಂಟು. ಖಾಸಗಿ ಕಾರಿನ ಪಾಲಿಸಿ ಬಾಡಿಗೆಯ ಓಡಾಟವನ್ನು ಹೊರಗಿಡುತ್ತದೆ. ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಬಹುದು. ಇಲ್ಲಿ ಉಳಿದಂತೆ ಕಂಡ ಹಣದಲ್ಲಿ ವಿಮೆಯ ಪಾಲೂ ಇದೆ. ಅದನ್ನು ಕೊನೆಗೆ ತೆರುವವನು ಚಾಲಕನೋ, ಗಾಯಗೊಂಡವನೋ ಆಗಿರುತ್ತಾನೆ.

ಗಡಿನಾಡಿನವರಿಗೆ ಇದರಲ್ಲಿ ಇನ್ನೊಂದು ಮಾತಿದೆ. ಕಾಸರಗೋಡಿನ ಕನ್ನಡಿಗ ಮಲಯಾಳದ ಕಾಗದಕ್ಕೆ, ನಮ್ಮ ಕಡೆಯವನು ಮರಾಠಿ ಕಾಗದಕ್ಕೆ ಸಹಿ ಹಾಕಬೇಕಾಗುತ್ತದೆ. ಓದಲು ಬಾರದ ಭಾಷೆಯೂ ಒಂದು ಬಗೆಯ ಸಣ್ಣ ಅಕ್ಷರವೇ. ಆದ್ದರಿಂದ ಕೇಳಿ ತಿಳಿಯಬೇಕಾದ್ದು ಮೂರು: ಎಲ್ಲ ಸೇರಿ ಎಷ್ಟು, ಪೆಟ್ಟಾದರೆ ನನ್ನ ಪಾಲೆಷ್ಟು, ವಿಮೆಯ ಹೊರಗುಳಿದದ್ದೇನು. ಕೇಳುವುದು ಗಿರಾಕಿಯ ಜಾಣತನ. ಕೇಳುವ ಮುನ್ನ ಹೇಳುವುದು ವ್ಯಾಪಾರಿಯ ಧರ್ಮ. ಗಿರಾಕಿ ಜಾಣನಲ್ಲವೆಂದ ಮಾತ್ರಕ್ಕೆ ವ್ಯಾಪಾರಿಯ ಋಣ ತೀರದು.