ಮಕ್ಕಳ ಪ್ರವಾಸವೂ ಸತ್ಯಾಣುವ್ರತವೂ

ತಂದೆತಾಯಿಗಳ ವಿಚ್ಛೇದನದಿಂದ ನೊಂದ ಮಕ್ಕಳನ್ನು ಅಂಥವೇ ಕುಟುಂಬಗಳೊಡನೆ ಪ್ರವಾಸಕ್ಕೆ ಕರೆದೊಯ್ಯುವ ಪದ್ಧತಿ ಇಂಗ್ಲೆಂಡಿನಲ್ಲುಂಟು. ಹೊರಡುವಾಗ ಮಗು “ಅಪ್ಪ ಬರುವುದಿಲ್ಲವೇ?” ಎಂದರೆ ತಾಯಿಯು “ಅವರಿಗೆ ರಜೆಯಿಲ್ಲ” ಎನ್ನಬಹುದೇ? ಪರರಿಗೆ ವಿಪತ್ತು ತರುವ ಸತ್ಯವನ್ನೂ ನುಡಿಯಬಾರದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಆ ಮಾತನ್ನು ತಮ್ಮ ಅಳುಕಿಗೆ ಆಶ್ರಯ ಮಾಡಿಕೊಳ್ಳುವವರೇ ಹೆಚ್ಚು. ಆದರೆ ಇಲ್ಲಿ ವಿಪತ್ತು ಯಾವುದರಿಂದ? 1971ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಜುಡಿತ್ ವಾಲರ್‌ಸ್ಟೀನ್ ಮತ್ತು ಜೋನ್ ಕೆಲ್ಲಿ ಇಂಥ 60 ಕುಟುಂಬಗಳ 131 ಮಕ್ಕಳ ಅಧ್ಯಯನವನ್ನು ಆರಂಭಿಸಿದರು. ಬೇರ್ಪಟ್ಟವರು ಮರಳಿ ಕೂಡುವರೆಂಬ ಆಸೆಯನ್ನು ಅನೇಕ ಮಕ್ಕಳು ವರ್ಷಗಟ್ಟಲೆ ಬಿಟ್ಟಿರಲಿಲ್ಲ. ರಜೆಯ ನೆಪವು ಈ ಆಸೆಯನ್ನೇ ಪೋಷಿಸುತ್ತದೆ. ಮೊದಲೇ ಮೃದುವಾಗಿ ನಿಜವನ್ನು ತಿಳಿಸಿದ್ದರೆ, ತನ್ನಂತೆಯೇ ಇರುವ ಹತ್ತು ಮಕ್ಕಳ ನಡುವೆ ಆ ಮಗು ಅದನ್ನು ಸಹಿಸಬಲ್ಲದು. ತಂದೆಯ ದೋಷಗಳನ್ನು ಎಣಿಸುವುದು ಮಾತ್ರ ಆ ನಿಜದ ಭಾಗವಲ್ಲ. ಆಚಾರ್ಯರ ನಿಷೇಧವು ಅನ್ವಯಿಸುವುದು ಅಲ್ಲಿಯೇ.