ಹಡಗಿನ ತಳದ ಚಿಪ್ಪು

ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ, ಜೂನ್ 1ರಿಂದ ಜುಲೈ 31ರೊಳಗೆ, ಮಲ್ಪೆಯ ಕಡೆ ಹೋದರೆ ದಡಕ್ಕೇರಿದ ಬೋಟುಗಳ ತಳ ಕೆರೆಯುವ ಸದ್ದು ಕೇಳುತ್ತದೆ. ಪಾಚಿ, ಚಿಪ್ಪು ಉದುರಿಸಿ, ಬಣ್ಣ ಹೊಡೆದು, ಮತ್ತೆ ನೀರಿಗಿಳಿಸುತ್ತಾರೆ. ತಳದಲ್ಲಿ ಚಿಪ್ಪು ಕಟ್ಟಿದರೆ ಡೀಸೆಲ್ ಖರ್ಚು ಏರುತ್ತದೆಂಬ ಲೆಕ್ಕ ಬೋಟಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮುನ್ನೂರು ಮೀಟರ್ ಉದ್ದದ ಸರಕು ಹಡಗಿನದೂ ಅದೇ ಲೆಕ್ಕ. ಆದರೆ ಅದು ಡ್ರೈ ಡಾಕ್ ಸೇರುವುದು ಕೆಲವು ವರ್ಷಗಳಿಗೊಮ್ಮೆ. ಅಷ್ಟರಲ್ಲಿ ತಳಕ್ಕೆ ಮೊದಲು ಲೋಳೆ ಹಿಡಿಯುತ್ತದೆ, ಆಮೇಲೆ ಪಾಚಿ, ಆಮೇಲೆ ಬಾರ್ನಕಲ್. ಈ ಬಾರ್ನಕಲ್ಲಿನ ಮರಿ ಸಾಸಿವೆಗಿಂತ ಚಿಕ್ಕದು. ಮೀಸೆಯಂಥ ಎರಡು ಅಂಗಗಳ ಮೇಲೆ ನಡೆದಾಡುತ್ತ ಜಾಗ ಹುಡುಕುತ್ತದೆ. ಹಿಡಿಸಿದಲ್ಲಿ ತಲೆಯನ್ನೇ ಅಂಟಿಸಿಕೊಂಡು ಸುತ್ತ ಸುಣ್ಣದ ಗೋಡೆ ಕಟ್ಟುತ್ತದೆ. ಉಳಿದ ಆಯುಷ್ಯವಿಡೀ ತಲೆಕೆಳಗಾಗಿದ್ದು ಕಾಲುಗಳಿಂದ ಆಹಾರ ಬಾಚಿಕೊಳ್ಳುವುದೇ ಅದರ ಬದುಕು. ಚಾರ್ಲ್ಸ್ ಡಾರ್ವಿನ್ ತನ್ನ ಎಂಟು ವರ್ಷಗಳನ್ನು ಈ ಜೀವಿಗಳಿಗೇ ಕೊಟ್ಟಿದ್ದ. ಇಂಥ ಸಾವಿರಾರು ಗೋಡೆಗಳನ್ನು ಹೊತ್ತ ಹಡಗು ನೀರನ್ನು ಸೀಳಲು ಏದುಸಿರು ಬಿಡುತ್ತದೆ. ಅಮೆರಿಕದ ನೌಕಾಪಡೆಯ ಒಂದೇ ವರ್ಗದ ಯುದ್ಧನೌಕೆಗಳಿಗೆ ಇದರಿಂದ ತಗಲುವ ವೆಚ್ಚ ವರ್ಷಕ್ಕೆ 5.6 ಕೋಟಿ ಡಾಲರ್ ಎಂದು 2011ರ ಅಧ್ಯಯನವೊಂದು ಅಂದಾಜಿಸಿತ್ತು.

ಇವು ತಳದಲ್ಲಿ ಬೆಳೆಯದಂತೆ ತಡೆಯಲು ಟಿಬಿಟಿ ಎಂಬ ತವರದ ವಿಷ ಬೆರೆಸಿದ ಬಣ್ಣ ಬಂದಿತ್ತು. ಅದು ಫ್ರಾನ್ಸಿನ ಸಿಂಪಿಗಳನ್ನು ವಿಕಾರಗೊಳಿಸಿತು. 2008ರಲ್ಲಿ ಅದರ ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬಂತು. ಹಾಗಾಗಿ ನೀರಿನೊಳಗೇ ತಳ ಉಜ್ಜುವ ಕೆಲಸಕ್ಕೆ ಬೇಡಿಕೆ ಹೆಚ್ಚಿದೆ. ಮುಳುಗುಗಾರರು ತಿರುಗುವ ಬ್ರಷ್ ಯಂತ್ರವನ್ನು ತಳಕ್ಕೆ ಒತ್ತಿ ಹಿಡಿದು ಓಡಿಸುತ್ತಾರೆ. ಈಗ ರೋಬೋಗಳೂ ಆ ಕೆಲಸಕ್ಕಿಳಿದಿವೆ. ಇಂಧನ ಉಳಿಯುತ್ತದೆ, ಹೊಗೆ ಇಳಿಯುತ್ತದೆ. ಜಗತ್ತಿನ ಹಸಿರುಮನೆ ಅನಿಲದಲ್ಲಿ ಸುಮಾರು ಶೇ 3 ಹಡಗುಗಳಿಂದಲೇ ಬರುವಾಗ ಇದು ಸಣ್ಣ ಲಾಭವಲ್ಲ.

ನನ್ನ ಚಿಂತೆ ಉದುರಿದ್ದರ ಬಗ್ಗೆ. ಬ್ರಷ್ಷಿಗೆ ಸಿಕ್ಕಿದ್ದೆಲ್ಲ ಸಾಯುವುದಿಲ್ಲ, ಬದುಕುಳಿದದ್ದು ಹೊಸ ಬಂದರಿನಲ್ಲಿ ಬೇರೂರಬಹುದು; ಜೊತೆಗೆ ಬಣ್ಣದ ತಾಮ್ರವೂ ನೀರಿಗೆ ಬೀಳುತ್ತದೆ. 1999ರಲ್ಲಿ, ಅದೇ ಡಾರ್ವಿನ್ನನ ಹೆಸರಿನ ಆಸ್ಟ್ರೇಲಿಯಾದ ಊರಿನಲ್ಲಿ, ಮಧ್ಯ ಅಮೆರಿಕ ಮೂಲದ ಕಪ್ಪು ಪಟ್ಟೆಯ ಚಿಪ್ಪುಜೀವಿ ದೋಣಿ ನಿಲ್ದಾಣಗಳಲ್ಲಿ ಸಿಕ್ಕಿತು. ಯಾವುದೋ ದೋಣಿಗೆ ಅಂಟಿಕೊಂಡು ಬಂದ ಅದನ್ನು ಅಳಿಸಲು ಕ್ಲೋರಿನ್ ಮತ್ತು ಮೈಲುತುತ್ತ ಸುರಿದರು. ಆ ನೀರಿನ ಉಳಿದ ಜೀವಿಗಳೂ ಅದರೊಂದಿಗೆ ಸತ್ತವು. ಆ ಚಿಪ್ಪುಜೀವಿ 1960ರ ದಶಕದಲ್ಲೇ ವಿಶಾಖಪಟ್ಟಣಕ್ಕೆ ಬಂದಿತ್ತು. ಅಲ್ಲಿ ಇಂದಿಗೂ ಇದೆ.

ಆದ್ದರಿಂದ ಲೋಳೆಯಾಗಿದ್ದಾಗಲೇ, ಅದು ಹತ್ತಿಕೊಂಡ ಬಂದರಿನಲ್ಲೇ ಮೆಲ್ಲಗೆ ಒರೆಸಿಬಿಡುವುದು ಒಳ್ಳೆಯದು. ಚಿಪ್ಪು ಬಲಿತ ಮೇಲೆ ಬಂದ ಹಡಗಿಗಾದರೆ, ಉದುರಿದ್ದನ್ನು ಹೀರಿ, ಸೋಸಿ, ಮೇಲಕ್ಕೆ ತರುವ ಯಂತ್ರ ಇದ್ದರೆ ಮಾತ್ರ ಅನುಮತಿ ಕೊಡಬೇಕು. ನವಮಂಗಳೂರೂ ಸೇರಿ ನಮ್ಮ ಎಲ್ಲ ಬಂದರುಗಳಲ್ಲಿ ಇದು ಕಡ್ಡಾಯವಾಗಲಿ.